ಪೆಟ್ಟಿಗೆಯೊಳಗಿನ ನೋಟ್‌ಬುಕ್ ಹಾಳೆ

ಅಕ್ಕಾ,

ನಾನು ಹಾರವಾಡದವಳು. ವಯಸ್ಸು ಮೂವತ್ತೊಂದು. ಹೆಸರು ಹಾಕಬೇಡಿ, ಊರಿನ ಹೆಸರು ಹಾಕಿದರೆ ಅಡ್ಡಿಯಿಲ್ಲ. ಹೇಗೂ ಇಲ್ಲಿ ಎಲ್ಲರಿಗೂ ಗೊತ್ತಾಗಿಹೋಗಿದೆ.

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಕಾರವಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷ ನರ್ಸ್ ಆಗಿದ್ದಳು. 2024ರ ಆಗಸ್ಟ್‌ನಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿಳಿದು ಬಂದವಳು ಅಂಗಳದಲ್ಲೇ ಕುಸಿದಳು. ಐವತ್ತಾರು ವರ್ಷ. ಅವಳ ಮದುವೆ ಕುಮಟಾ ಕಡೆಗಾಗಿತ್ತು. ಹನ್ನೊಂದು ತಿಂಗಳಿಗೆ ತವರಿಗೆ ಬಂದವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಮಕ್ಕಳಿಲ್ಲ. ಆ ಮಾವ 2015ರಲ್ಲಿ ತೀರಿಕೊಂಡರಂತೆ, ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ನನ್ನನ್ನು ಓದಿಸಿದವಳು ಅತ್ತೆ. ಅಪ್ಪ ಕೋವಿಡ್‌ನಲ್ಲಿ ಹೋದಮೇಲೆ ಮನೆ ನಡೆಸಿದವಳೂ ಅವಳೇ.

2022ರಲ್ಲಿ ಒಂದು ಭಾನುವಾರ ನನ್ನ ಮೊಬೈಲಿನಲ್ಲೇ ಪಿ.ಎಫ್.ಗೆ ನನ್ನ ಹೆಸರು ಹಾಕಿಸಿದಳು, ನೂರಕ್ಕೆ ನೂರು. ಒಂಬತ್ತು ಲಕ್ಷದ ಚಿಲ್ಲರೆ ಇದೆ. ಪೋಸ್ಟಿನಲ್ಲಿ ಪಿ.ಪಿ.ಎಫ್. ಇದೆ, ಮೂರೂವರೆ ಲಕ್ಷದಷ್ಟು. ಅದಕ್ಕೆ ನಾಮಿನಿ ನನ್ನ ಅಪ್ಪ. ಗ್ರ್ಯಾಚುಯಿಟಿ ಫಾರ್ಮಿನಲ್ಲಿ ಅಜ್ಜಿಯ ಹೆಸರಿದೆ, ಅಜ್ಜಿ ಹೋಗಿ ಹದಿಮೂರು ವರ್ಷವಾಯಿತು.

ಚಿಕ್ಕಪ್ಪ ನೂರು ರೂಪಾಯಿ ಛಾಪಾಕಾಗದ ತಂದಿಟ್ಟಿದ್ದಾರೆ. ಬಂದದ್ದನ್ನೆಲ್ಲ ಮೂರು ಪಾಲು ಮಾಡಬೇಕು. ಅವರಿಗೊಂದು, ಗೋಕರ್ಣದ ಸಣ್ಣತ್ತೆಗೊಂದು, ನನಗೊಂದು. “ನಾಮಿನಿ ಅಂದ್ರೆ ಪೋಸ್ಟ್‌ಮನ್ ಇದ್ದಾಂಗೆ. ತಂದು ಕೊಡೂದಷ್ಟೇ ಕೆಲ್ಸ, ಇಟ್ಕಂಬುದಲ್ಲ” ಎನ್ನುತ್ತಾರೆ. ಹೋದ ವಾರ ಕುಮಟೆಯಿಂದ ಅತ್ತೆಯ ಮೈದುನನ ಫೋನೂ ಬಂತು, “ನಮ್ಮ ಅತ್ತಿಗೆಯ ದುಡ್ಡು ಏನಾಯ್ತು?” ಎಂದು. ಮೂವತ್ತೈದು ವರ್ಷ ಈ ಅತ್ತಿಗೆ ನೆನಪಾಗಿರಲಿಲ್ಲ. ಸೊಸೈಟಿಯವರು, ಮನೆ ಮಾಡಿಗೆ ಅತ್ತೆ ತೆಗೆದ ಒಂದು ಲಕ್ಷ ಎಂಬತ್ತು ಸಾವಿರದ ಸಾಲವನ್ನು ಪಿ.ಎಫ್. ಬಂದಕೂಡಲೇ ಕಟ್ಟಬೇಕು ಎಂದಿದ್ದಾರೆ. ಟೆಕ್ಸಾಸ್‌ನಲ್ಲಿರುವ ದೊಡ್ಡಮ್ಮನ ಮಗ, “ಹತ್ತು ವರ್ಷ ಖಾತೆಯಲ್ಲೇ ಇಟ್ಟುಕೊಳ್ಳಬಹುದು, ಒಮ್ಮೆಲೇ ತೆಗೆದರೆ ಟ್ಯಾಕ್ಸ್ ಬೀಳುತ್ತದೆ” ಎಂದ. ಇಷ್ಟೆಲ್ಲ ಕೇಳಿ ನಾನು ಯಾವ ಅರ್ಜಿಯನ್ನೂ ಹಾಕದೆ ಕೂತಿದ್ದೇನೆ. ಹೆಣ್ಣು ಹಣಕ್ಕೆ ಬಾಯಿಬಿಟ್ಟಳು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದಾರೆ. ನಾನು ಮಾಡುತ್ತಿರುವುದು ತಪ್ಪೇ?

(ಅತ್ತೆಯ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಹಾಳೆ ಸಿಕ್ಕಿದೆ. “ನನ್ನ ಹೆಸರಿನಲ್ಲಿರುವ ಎಲ್ಲ ಹಣ, ಬಂಗಾರ ನನ್ನ ತಮ್ಮನ ಮಗಳಿಗೆ ಸೇರಬೇಕು” ಎಂದು ಅವಳ ಕೈಬರಹ, ಸಹಿ, 2021ರ ತಾರೀಕು. ಕೆಳಗೆ ಅವರ ಆಸ್ಪತ್ರೆಯ ಒಬ್ಬ ಸಿಸ್ಟರ್ ಮತ್ತು ಮೆಡಿಕಲ್ ಅಂಗಡಿಯವರ ಸಹಿ ಇದೆ. ಛಾಪಾಕಾಗದದಲ್ಲಿಲ್ಲ, ರಿಜಿಸ್ಟರ್ ಆಗಿಲ್ಲ. ಅದು ಬರೀ ಚೀಟಿ, ಒಲೆಗೆ ಹಾಕು ಎಂದರು ಚಿಕ್ಕಪ್ಪ.)

*

ತಂಗೀ,

ನಿನ್ನ ಪತ್ರ ನಾಲ್ಕು ಪುಟವಿತ್ತು, ಇಲ್ಲಿ ಕತ್ತರಿಸಿ ಹಾಕಿದ್ದೇನೆ. ಆ ಹಾಳೆಯ ಸುದ್ದಿ ಬಂದದ್ದು ಕಟ್ಟಕಡೆಗೆ, ಅದೂ ಕಂಸದೊಳಗೆ. ಮುಂದೆ ಓದುವ ಮೊದಲು ಎದ್ದುಹೋಗಿ ಆ ಹಾಳೆಯನ್ನು ಪೆಟ್ಟಿಗೆಯಿಂದ ತೆಗೆ. ಕಡಲ ಗಾಳಿ ಹೊಡೆಯುವ ಮನೆಯಲ್ಲಿ ಮಳೆಗಾಲ ಬಂದರೆ ಟ್ರಂಕಿನೊಳಗಿನ ರೇಷ್ಮೆ ಸೀರೆಗೇ ಬೂಸ್ಟು ಹಿಡಿಯುತ್ತದೆ, ಇನ್ನು ನೋಟ್‌ಬುಕ್ ಕಾಗದದ ಪಾಡೇನು. ಅದಕ್ಕೆ ಸ್ಟೇಪಲ್ ಹೊಡೆಯಬೇಡ. ಲ್ಯಾಮಿನೇಷನ್ ಅಂಗಡಿಗೆ ಕೊಡಬೇಡ. ಅದರ ಮೇಲೆ ಪೆನ್ನಿನ ಒಂದು ಚುಕ್ಕೆಯೂ ಬೀಳಬಾರದು, ಮಡಿಕೆಯನ್ನು ಇಸ್ತ್ರಿ ಹಾಕಿ ನೆಟ್ಟಗೆ ಮಾಡುವ ಜಾಣತನವೂ ಬೇಡ. ಎರಡೂ ಬದಿಯ ಫೋಟೋ ತೆಗೆದು ನಿನ್ನ ಮೇಲ್‌ಗೆ ನೀನೇ ಕಳಿಸಿಕೋ. ಹಾಳೆಯನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಆ ಮನೆಯಿಂದ ಹೊರಗೆ, ನಂಬುವ ಜಾಗದಲ್ಲಿಡು. ಯಾಕೆ ಎನ್ನುವುದು ಆಮೇಲೆ.

ಆಯಿತೇ? ಈಗ ಪಿ.ಎಫ್.ಗೆ ಬರೋಣ. ಎಲ್ಲಕ್ಕಿಂತ ದೊಡ್ಡ ಗಂಟು ಅದೇ, ಮತ್ತು ವಿಚಿತ್ರವೆಂದರೆ ಎಲ್ಲಕ್ಕಿಂತ ಸಲೀಸಾದದ್ದೂ ಅದೇ.

ಪಿ.ಎಫ್.ನಲ್ಲಿ ನಾಮಿನಿ ಮಾಡುವಾಗ ಮನಸ್ಸಿಗೆ ಬಂದವರ ಹೆಸರು ಬರೆಯಲು ಬರುವುದಿಲ್ಲ. 1952ರ ಯೋಜನೆಯ ಪ್ರಕಾರ ಕುಟುಂಬ ಇದ್ದವರು ಕುಟುಂಬದವರನ್ನೇ ಹೆಸರಿಸಬೇಕು. ಹೆಂಗಸು ಸದಸ್ಯೆಯಾದರೆ ಕುಟುಂಬ ಅಂದರೆ ಗಂಡ, ಮಕ್ಕಳು, ಅವಳನ್ನು ನಂಬಿಕೊಂಡ ತಂದೆತಾಯಿ, ಗಂಡನ ಅವಲಂಬಿತ ತಂದೆತಾಯಿ, ತೀರಿಕೊಂಡ ಮಗನ ಹೆಂಡತಿ ಮಕ್ಕಳು. ಅಲ್ಲಿಗೆ ಮುಗಿಯಿತು. ಅಣ್ಣ ತಮ್ಮ, ಅಕ್ಕ ತಂಗಿ, ತಮ್ಮನ ಮಗಳು ಯಾರೂ ಆ ಪಟ್ಟಿಯಲ್ಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರಾದರೂ ಇಲ್ಲ. ಆದರೆ ಕುಟುಂಬವೇ ಇಲ್ಲದವರು ಯಾರನ್ನು ಬೇಕಾದರೂ ನಾಮಿನಿ ಮಾಡಬಹುದು. ಹಾಗೆ ಮಾಡಿದ ಮೇಲೆ ಮದುವೆಯೋ ಮಗುವೋ ಆಗಿ ಕುಟುಂಬ ಹುಟ್ಟಿದರೆ ಆ ನಾಮಿನೇಷನ್ ತಾನಾಗಿ ಬಿದ್ದುಹೋಗುತ್ತದೆ.

ಈಗ ನಿನ್ನ ಅತ್ತೆಯ ಲೆಕ್ಕ ಹಾಕು. ಆಕೆ ಗಂಡನಿಂದ ದೂರವಿದ್ದದ್ದು ನಿಜ, ವಿಚ್ಛೇದನ ಆದಂತೆ ನಿನ್ನ ಪತ್ರದಲ್ಲಿಲ್ಲ. ಹಾಗಾಗಿ ಗಂಡ ಬದುಕಿರುವವರೆಗೆ ಕಾಗದದ ಮೇಲೆ ಆತ ಕುಟುಂಬ. 2015ರಲ್ಲಿ ಆತ ಹೋದ. ಅಜ್ಜಿ ಅದಕ್ಕೂ ಮುಂಚೆ ಹೋಗಿದ್ದರು, ಅಜ್ಜನ ಹೆಸರು ನೀನು ಎತ್ತಿಲ್ಲ, ಅವರೂ ಇಲ್ಲ ಎಂದುಕೊಂಡಿದ್ದೇನೆ. ಅತ್ತೆಮಾವಂದಿರನ್ನು ಆಕೆ ಸಾಕುತ್ತಿರಲಿಲ್ಲ. ಅಲ್ಲಿಗೆ 2022ರಲ್ಲಿ ನಿನ್ನ ಮೊಬೈಲಿನಲ್ಲಿ ನಿನ್ನ ಹೆಸರು ಒತ್ತುವ ಹೊತ್ತಿಗೆ ಆಕೆಗೆ ಯೋಜನೆಯ ಅರ್ಥದ ಕುಟುಂಬ ಇರಲಿಲ್ಲ. ನಿನ್ನ ನಾಮಿನೇಷನ್ ಗಟ್ಟಿ. ಇದೇ ಕೆಲಸವನ್ನು 2014ರಲ್ಲಿ ಮಾಡಿದ್ದರೆ ಈ ಪತ್ರಕ್ಕೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಆದ್ದರಿಂದ ನಿನಗೆ ಬೇಕಾದ ಮೊದಲ ಕಾಗದ ಅತ್ತೆಯ ಮರಣಪತ್ರವಲ್ಲ, ಅದು ನಿನ್ನ ಹತ್ತಿರ ಇದ್ದೇ ಇರುತ್ತದೆ. ಬೇಕಾದದ್ದು ಆ ಮಾವನ ಮರಣಪತ್ರ. ಆತ ತೀರಿಕೊಂಡ ಊರಿನ ನೋಂದಣಿ ಕಚೇರಿಯಲ್ಲಿ ಹೆಸರು, ವರ್ಷ ಕೊಟ್ಟು ಪ್ರತಿ ಕೇಳು. ಕುಮಟೆಗೆ ಹೋಗಲು ಮುಜುಗರವೆಂದರೆ ಬೇರೆ ಯಾರನ್ನಾದರೂ ಕಳಿಸು, ಆದರೆ ತರಿಸು.

ಅರ್ಜಿ ಒಂದೇ. ಸದಸ್ಯರು ತೀರಿಕೊಂಡಾಗ ಪಿ.ಎಫ್. ಹಣ, ಪಿಂಚಣಿ, ವಿಮೆ ಮೂರಕ್ಕೂ ಸೇರಿಸಿ ಒಂದು ಸಂಯುಕ್ತ ನಮೂನೆ ಇದೆ. ಹಳಬರು ಈಗಲೂ 20, 10ಡಿ, 5ಐಎಫ್ ಎಂದೇ ಹೇಳುತ್ತಾರೆ. ಇ-ನಾಮಿನೇಷನ್ ಆಗಿರುವುದರಿಂದ ನಿನ್ನ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒ.ಟಿ.ಪಿ. ಹಾಕಿ ಮನೆಯಿಂದಲೇ ಸಲ್ಲಿಸಬಹುದು. ಅರ್ಜಿ ಮರಳಿ ಬರುವುದು ಸಾಮಾನ್ಯವಾಗಿ ಹೆಸರಿನ ಒಂದಕ್ಷರಕ್ಕೆ: ಆಸ್ಪತ್ರೆಯ ದಾಖಲೆಯಲ್ಲಿ ಗಂಡನ ಅಡ್ಡಹೆಸರು, ಆಧಾರ್‌ನಲ್ಲಿ ತವರಿನದು. ಅದನ್ನು ಮೊದಲೇ ನೋಡಿ, ವ್ಯತ್ಯಾಸವಿದ್ದರೆ ಆಸ್ಪತ್ರೆಯವರಿಂದ ತಿದ್ದುಪಡಿಯ ಘೋಷಣೆ ಮಾಡಿಸು. ಪಿ.ಎಫ್. ಸಂಸ್ಥೆ 2023ರ ಜನವರಿಯಿಂದ ಪ್ರತಿ ತಿಂಗಳು 27ನೇ ತಾರೀಕು ಜಿಲ್ಲೆ ಜಿಲ್ಲೆಗಳಲ್ಲಿ ಶಿಬಿರ ನಡೆಸುತ್ತಿದೆ. ನಿನ್ನ ಅರ್ಜಿ ಎಲ್ಲಾದರೂ ಸಿಕ್ಕಿಕೊಂಡರೆ ಕಾಗದಗಳನ್ನು ಹಿಡಿದು ಅಲ್ಲಿಗೆ ಹೋಗು, ಮುಖಾಮುಖಿ ಮಾತಿಗೆ ಬೇರೆಯೇ ಬೆಲೆ.

ಪಿಂಚಣಿ ಎಂದೆನಲ್ಲ, ಅದನ್ನು ನೀನು ಪತ್ರದಲ್ಲಿ ಎತ್ತಲೇ ಇಲ್ಲ. ಬಹಳ ಜನ ಎತ್ತುವುದಿಲ್ಲ, ಗಂಡ ಹೆಂಡತಿ ಮಕ್ಕಳಿಗೆ ಮಾತ್ರ ಅದು ಎಂದುಕೊಂಡಿರುತ್ತಾರೆ. 1995ರ ಪಿಂಚಣಿ ಯೋಜನೆಯಲ್ಲಿ ಸಂಗಾತಿಯೂ ಅರ್ಹ ಮಕ್ಕಳೂ ಇಲ್ಲದ ಸದಸ್ಯರು ಬೇರೆಯವರನ್ನು ನಾಮಿನಿ ಮಾಡಬಹುದು. ಮಾಡಿದ್ದರೆ ವಿಧವಾ ಪಿಂಚಣಿಯ ಅಳತೆಯಲ್ಲೇ ಆ ನಾಮಿನಿಗೆ ತಿಂಗಳು ತಿಂಗಳು ಹಣ ಬರುತ್ತದೆ. ವಿಧವಾ ಪಿಂಚಣಿಗೆ ತಿಂಗಳಿಗೆ 1,000 ರೂ. ಕನಿಷ್ಠ ಎಂದು 2014ರಿಂದ ಇದೆ. ಇ-ನಾಮಿನೇಷನ್‌ನ ಪ್ರತಿ ತೆಗೆದು ಪಿಂಚಣಿಯ ಭಾಗದಲ್ಲೂ ನಿನ್ನ ಹೆಸರಿದೆಯೇ ನೋಡು. ಇದ್ದರೆ ಅರ್ಜಿಯಲ್ಲಿ ಆ ಚೌಕವನ್ನು ಖಾಲಿ ಬಿಡಬೇಡ.

ಮತ್ತೆ ವಿಮೆ. ಕೆಲಸದಲ್ಲಿರುವಾಗಲೇ ತೀರಿಕೊಂಡ ಪಿ.ಎಫ್. ಸದಸ್ಯರಿಗೆ ಇ.ಡಿ.ಎಲ್.ಐ. ಎಂಬ ವಿಮೆ ಇದೆ. ಅದರ ಕಂತನ್ನು ಮಾಲೀಕರೇ ಕಟ್ಟುತ್ತಾರೆ, ಸಂಬಳದಲ್ಲಿ ಮುರಿಯುವುದಿಲ್ಲ, ಹಾಗಾಗಿ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಕಾಣದ್ದನ್ನು ಯಾರೂ ಕೇಳುವುದಿಲ್ಲ. ಹಿಂದಿನ ಹನ್ನೆರಡು ತಿಂಗಳು ಬಿಡದೆ ಕೆಲಸ ಮಾಡಿದ್ದರೆ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ. ಪಿ.ಎಫ್.ಗೆ ಯಾರು ನಾಮಿನಿಯೋ ಇದೂ ಅವರಿಗೇ. ನಿನ್ನ ಅತ್ತೆ ಆ ದಿನ ಬೆಳಗ್ಗೆವರೆಗೂ ಡ್ಯೂಟಿಯಲ್ಲಿದ್ದವಳು.

ಇನ್ನು ನಿನ್ನ ಟೆಕ್ಸಾಸ್ ಅಣ್ಣ. ಅವನು ಹೇಳಿದ್ದು ಸುಳ್ಳಲ್ಲ, ಅವನ ದೇಶದ್ದು. ಅಲ್ಲಿ ನಿವೃತ್ತಿ ಖಾತೆ ಹೆಂಡತಿಗೋ ಗಂಡನಿಗೋ ಬಂದರೆ ಅದನ್ನು ತನ್ನದೇ ಖಾತೆಯಾಗಿ ಮಾಡಿಕೊಂಡು ಮುಂದುವರಿಸಬಹುದು. ತಮ್ಮನ ಮಗಳಂಥವರಿಗೆ ಬಂದರೆ ಹಾಗಿಲ್ಲ. 2019ರ ಕೊನೆಗೆ ಬಂದ ಕಾನೂನಿನಂತೆ, 2020ರಿಂದೀಚೆಗೆ ತೀರಿಕೊಂಡವರ ಖಾತೆಯನ್ನು ಅಂಥವರು ಬಹುಮಟ್ಟಿಗೆ ಹತ್ತು ವರ್ಷದೊಳಗೆ ಖಾಲಿ ಮಾಡಬೇಕು, ತೆಗೆದಷ್ಟಕ್ಕೆ ತೆರಿಗೆ ಕಟ್ಟಬೇಕು. ನಮ್ಮಲ್ಲಿ ಲೆಕ್ಕ ತಿರುಗಾಮುರುಗಾ. ಆಸ್ತಿ ಬಂದದ್ದಕ್ಕೆ ಹಾಕುತ್ತಿದ್ದ ತೆರಿಗೆಯನ್ನು 1985ರಲ್ಲೇ ತೆಗೆದುಹಾಕಿದ್ದಾರೆ. ಉಯಿಲಿನಿಂದಲೋ ವಾರಸಿನಿಂದಲೋ ಬಂದ ಹಣ ನಿನ್ನ ಆದಾಯವಲ್ಲ. ಅದನ್ನು ಬ್ಯಾಂಕಿನಲ್ಲಿಟ್ಟ ಮೇಲೆ ಬರುವ ಬಡ್ಡಿ ಮಾತ್ರ ನಿನ್ನ ಆದಾಯ. ಆದರೆ ಹತ್ತು ವರ್ಷದ ಸಡಿಲವೂ ಇಲ್ಲ. ಸದಸ್ಯರು ತೀರಿಕೊಂಡು 36 ತಿಂಗಳೊಳಗೆ ಅರ್ಜಿ ಬಾರದಿದ್ದರೆ ಪಿ.ಎಫ್. ಖಾತೆ ನಿಷ್ಕ್ರಿಯ ಎನಿಸಿಕೊಂಡು ಬಡ್ಡಿ ನಿಲ್ಲುತ್ತದೆ. ಪಿ.ಪಿ.ಎಫ್. ಖಾತೆಯನ್ನು ನಾಮಿನಿಯಾಗಲಿ ವಾರಸುದಾರರಾಗಲಿ ಮುಂದುವರಿಸುವಂತಿಲ್ಲ, ಮುಚ್ಚಿಯೇ ಹಣ ಪಡೆಯಬೇಕು. ಆದ್ದರಿಂದ ಕೂತದ್ದು ಸಾಕು.

ಈಗ ಚಿಕ್ಕಪ್ಪನ ಪೋಸ್ಟ್‌ಮನ್ ಮಾತು. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವಳಿಗೆ ಆ ಹೋಲಿಕೆ ಕೇಳಿ ನಗು ಬಂತು. ಬೇಸರವೂ ಆಯಿತು, ಯಾಕೆಂದರೆ ಅರ್ಧ ನಿಜ. 1983ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೀವವಿಮೆಯ ಬಗ್ಗೆ ಇದನ್ನೇ ಹೇಳಿತು: ನಾಮಿನಿ ಹಣ ಪಡೆಯುವ ಕೈ, ಹಣದ ಒಡೆತನ ವಾರಸುದಾರರದು. ನಿಮ್ಮ ಅಡುಗೆಮನೆಯ ಗೋಡೆಗೆ ಕಾಲನಿರ್ಣಯ ತೂಗುಹಾಕಿದ್ದೀಯಾ? ಆ ಕ್ಯಾಲೆಂಡರ್ ಹುಟ್ಟುಹಾಕಿದ ಜಯಂತ ಸಾಳಗಾಂವಕರರು 2013ರಲ್ಲಿ ತೀರಿಕೊಂಡ ಮೇಲೆ ಅವರ ಷೇರು, ಮ್ಯೂಚುವಲ್ ಫಂಡುಗಳ ವಿಷಯ ಕೋರ್ಟಿಗೆ ಹೋಯಿತು. 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಲ್ಲೂ ಇದೇ ತೀರ್ಪು ಕೊಟ್ಟಿತು, ನಾಮಿನಿ ಆದಮಾತ್ರಕ್ಕೆ ಮಾಲೀಕರಲ್ಲ. ಭವಿಷ್ಯನಿಧಿಯ ಹಣದ ಮೇಲೂ 2009ರಲ್ಲಿ ಶಿಪ್ರಾ ಸೇನ್‌ಗುಪ್ತ ಪ್ರಕರಣದಲ್ಲಿ, ನಾಮಿನಿ ತಾಯಿಯಾಗಿದ್ದರೂ ಹಂಚಿಕೆ ವಾರಸು ಕಾನೂನಿನಂತೆಯೇ ಎಂದಾಯಿತು.

ಅಂದರೆ ಪಿ.ಎಫ್. ಕಚೇರಿ ಹಣವನ್ನು ನಿನಗೇ ಕೊಡುತ್ತದೆ, ಚಿಕ್ಕಪ್ಪನ ಒಪ್ಪಿಗೆ ಕೇಳುವುದಿಲ್ಲ. ಕೊಟ್ಟಮೇಲೆ ಯಾರಾದರೂ ವಾರಸುದಾರರು ಕೋರ್ಟಿಗೆ ಹೋಗಿ ನಮ್ಮ ಪಾಲು ಕೊಡಿಸಿ ಎಂದು ಕೇಳಬಹುದು. ಹಾಗಾದರೆ ಆ ವಾರಸುದಾರರು ಯಾರು?

ಇಲ್ಲಿದೆ ನೋಡು ತಮಾಷೆ. ಚಿಕ್ಕಪ್ಪ ಅಲ್ಲ. ಗೋಕರ್ಣದ ಸಣ್ಣತ್ತೆಯೂ ಅಲ್ಲ. ಉಯಿಲಿಲ್ಲದಿದ್ದರೆ ನೀನೂ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಹೆಂಗಸಿನ ಸ್ವಂತ ಗಳಿಕೆ ಮೊದಲು ಗಂಡ ಮಕ್ಕಳಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಮಾತ್ರ ಅವಳ ತಂದೆತಾಯಿಗೆ, ಆಮೇಲೆ ತಂದೆಯ ವಾರಸುದಾರರಿಗೆ. ಹನ್ನೊಂದು ತಿಂಗಳ ಸಂಸಾರ ಎಂದು ಕಾಯ್ದೆ ನೋಡುವುದಿಲ್ಲ. ಕುಮಟೆಯ ಆ ಮೈದುನ ಸುಮ್ಮನೆ ಫೋನ್ ಮಾಡಿಲ್ಲ, ಯಾರೋ ತಿಳಿದವರು ಕಿವಿಯಲ್ಲಿ ಹೇಳಿದ್ದಾರೆ.

ನಂಬಿಕೆಯಾಗದಿದ್ದರೆ ನಾರಾಯಣಿದೇವಿಯ ಕತೆ ಕೇಳು. 1955ರಲ್ಲಿ ಮದುವೆ. ಮೂರೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ಹೋದ. ಗಂಡನ ಮನೆಯವರು ಆಕೆಯನ್ನು ಹೊರಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ಜೀವಮಾನವಿಡೀ ದುಡಿದಳು, ಗಂಡನ ಮನೆಯತ್ತ ಒಮ್ಮೆಯೂ ಹೋಗಲಿಲ್ಲ. 1996ರಲ್ಲಿ ತೀರಿಕೊಂಡಾಗ ಬ್ಯಾಂಕಿನಲ್ಲಿ, ಭವಿಷ್ಯನಿಧಿಯಲ್ಲಿ ದೊಡ್ಡ ಮೊತ್ತವಿತ್ತು, ಉಯಿಲು ಇರಲಿಲ್ಲ. ಆಕೆಯ ತಾಯಿ ಅರ್ಜಿ ಹಾಕಿದಳು. ಗಂಡನ ಅಕ್ಕತಂಗಿಯ ಮಕ್ಕಳೂ ಹಾಕಿದರು. 2009ರಲ್ಲಿ ಓಂಪ್ರಕಾಶ್ ವಿರುದ್ಧ ರಾಧಾಚರಣ್ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇದು ಕಷ್ಟದ ಪ್ರಸಂಗ ಹೌದು, ಆದರೆ ಕಾಯ್ದೆ ಕಾಯ್ದೆಯೇ ಎಂದಿತು. ಹಣವೆಲ್ಲ ಗಂಡನ ಕಡೆಯವರಿಗೆ ಹೋಯಿತು. ಆ ಕಲಮನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಆದರೆ ನನ್ನ ಹೊಟ್ಟೆಯುರಿಯಿಂದ ಕಾಯ್ದೆ ಬದಲಾಗದು.

ನಾರಾಯಣಿದೇವಿಯ ಬಳಿ ಇಲ್ಲದ್ದು ನಿನ್ನ ಅತ್ತೆಯ ಪೆಟ್ಟಿಗೆಯಲ್ಲಿತ್ತು. ಉಯಿಲಿಗೆ ಛಾಪಾಕಾಗದ ಬೇಡ, ಯಾವತ್ತೂ ಬೇಕಿರಲಿಲ್ಲ. ರಿಜಿಸ್ಟ್ರೇಷನ್ ಮಾಡಿಸಿದರೆ ಒಳ್ಳೆಯದು, ಮಾಡಿಸಲೇಬೇಕೆಂದಿಲ್ಲ. ವಕೀಲರ ಭಾಷೆ ಬೇಡ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಇಷ್ಟೇ: ಬರೆದವರ ಸಹಿ, ಆ ಸಹಿ ಹಾಕುವುದನ್ನು ಕಂಡ ಅಥವಾ ಇದು ನನ್ನದೇ ಸಹಿ ಎಂದು ಅವರ ಬಾಯಿಂದ ಕೇಳಿದ ಇಬ್ಬರು ಸಾಕ್ಷಿಗಳು ಅವರೆದುರೇ ಹಾಕಿದ ಸಹಿ. ಸಾಕ್ಷಿಗಳಿಬ್ಬರೂ ಒಂದೇ ಹೊತ್ತಿಗೆ ಅಲ್ಲಿರಬೇಕೆಂದೂ ಇಲ್ಲ. 2021 ಎಂದು ತಾರೀಕಿದೆ ಎಂದೆ. ಕೋವಿಡ್ ವಾರ್ಡಿನಲ್ಲಿ ದಿನಾ ಹೆಣ ಕಂಡವಳು, ತಮ್ಮನನ್ನೂ ಕಳೆದುಕೊಂಡವಳು, ಡ್ಯೂಟಿಯ ನಡುವೆ ನೋಟ್‌ಬುಕ್ ಹಾಳೆ ಹರಿದು ಬರೆದು, ಪಕ್ಕದಲ್ಲಿದ್ದ ಸಿಸ್ಟರ್ ಹತ್ತಿರ, ಕೆಳಗಿನ ಮೆಡಿಕಲ್ ಅಂಗಡಿಯವರ ಹತ್ತಿರ ಸಹಿ ಹಾಕಿಸಿಕೊಂಡಳು ಎಂದು ನನ್ನ ಊಹೆ. ಕಾಯ್ದೆಯ ಪುಸ್ತಕ ಓದಿ ಮಾಡಿದಳೋ, ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಇಬ್ಬರ ಸಹಿ ಹಾಕಿಸಿ ಹಾಕಿಸಿ ರೂಢಿಯಾಗಿತ್ತೋ, ಅಂತೂ ಸರಿಯಾಗಿ ಮಾಡಿದ್ದಾಳೆ.

ಆ ಇಬ್ಬರನ್ನು ಈ ವಾರವೇ ಹೋಗಿ ಕಾಣು. ಹಾಳೆ ತೋರಿಸಬೇಡ, ಫೋಟೋ ತೋರಿಸು. ಎಲ್ಲಿ, ಯಾವಾಗ, ಹೇಗೆ ಸಹಿ ಹಾಕಿದೆವು ಎನ್ನುವುದನ್ನು ಅವರಿಗೆ ನೆನಪಿದ್ದಂತೆ ಹೇಳಲಿ, ನೀನು ಬಾಯಿಗೆ ಮಾತು ಕೊಡಬೇಡ. ವಿಳಾಸ, ಫೋನ್ ನಂಬರ್ ಬರೆದುಕೋ. ನಾಳೆ ಕೋರ್ಟಿನಲ್ಲಿ ಉಯಿಲನ್ನು ಸಾಬೀತು ಮಾಡಲು ಇಬ್ಬರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಅತ್ತೆಯ ಕೈಬರಹದ ಬೇರೆ ಕಾಗದಗಳು, ಹಳೇ ಪತ್ರ, ಬ್ಯಾಂಕ್ ಚಲನ್, ಡ್ಯೂಟಿ ಡೈರಿ ಏನಿದ್ದರೂ ಎತ್ತಿಡು.

ಪಿ.ಪಿ.ಎಫ್. ಮತ್ತು ಗ್ರ್ಯಾಚುಯಿಟಿಗೆ ಆ ಹಾಳೆಯೇ ಆಧಾರ, ಅಲ್ಲಿ ನಾಮಿನೇಷನ್ ಸತ್ತುಹೋಗಿದೆ. ನಾಮಿನಿ ಮೊದಲೇ ತೀರಿಕೊಂಡರೆ ಹೊಸಬರ ಹೆಸರು ಬರೆಯಬೇಕಿತ್ತು. ಇದಕ್ಕೆ ಆಕೆಯನ್ನು ದೂರಬೇಡ. ನಾನೇ ನಿವೃತ್ತಿಯ ವರ್ಷ ನನ್ನ ಫೈಲು ತೆಗೆಸಿ ನೋಡಿದರೆ, ನಾಮಿನಿಯ ಜಾಗದಲ್ಲಿ ಹದಿನಾಲ್ಕು ವರ್ಷದ ಹಿಂದೆ ಹೋದ ನನ್ನ ಅಪ್ಪನ ಹೆಸರು ಕೂತಿತ್ತು. ದಿನಕ್ಕೆ ಹತ್ತು ಜನಕ್ಕೆ “ನಾಮಿನಿ ಹಾಕಿದ್ದೀರಾ?” ಎಂದು ಕೇಳುತ್ತಿದ್ದವಳು ನಾನು.

ಗ್ರ್ಯಾಚುಯಿಟಿ ಸಣ್ಣದಲ್ಲ, ಬಿಡಬೇಡ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ರೂ. ಎಂದಿಟ್ಟುಕೋ: ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 27 ವರ್ಷದಿಂದ ಗುಣಿಸಿದರೆ 2,80,000ದ ಮೇಲೆ ಬರುತ್ತದೆ. ಆಸ್ಪತ್ರೆಗೆ ವಾರಸುದಾರಳ ನಮೂನೆಯಲ್ಲಿ ಅರ್ಜಿ ಕೊಟ್ಟು, ಉಯಿಲಿನ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆ. ತಕರಾರಿದೆ ಎಂದು ಅವರು ಕೈಯೆತ್ತಿದರೆ ಕಾರ್ಮಿಕ ಇಲಾಖೆಯ ಗ್ರ್ಯಾಚುಯಿಟಿ ನಿಯಂತ್ರಣಾಧಿಕಾರಿ ಇದ್ದಾರೆ. ಪೋಸ್ಟಿನ ಉಳಿತಾಯ ಯೋಜನೆಗಳಲ್ಲಿ, ನಾಮಿನಿ ಇಲ್ಲದಾಗ, 5 ಲಕ್ಷದವರೆಗಿನ ಮೊತ್ತವನ್ನು ಆರು ತಿಂಗಳ ನಂತರ ಅಫಿಡವಿಟ್, ಜಾಮೀನು ಪತ್ರಗಳ ಮೇಲೆ ಹಕ್ಕುದಾರರಿಗೆ ಕೊಡಲು ಅವಕಾಶವಿದೆ. ಆದರೆ ಕುಮಟೆಯವರು ಒಂದು ತಕರಾರು ಅರ್ಜಿ ಬಿಸಾಕಿದರೆ ಯಾವ ಪೋಸ್ಟ್‌ಮಾಸ್ಟರರೂ ಕೈ ಹಾಕಲಾರರು, ನಾನಾದರೂ ಹಾಕುತ್ತಿರಲಿಲ್ಲ. ಆಗ ಸಿವಿಲ್ ಕೋರ್ಟೇ ದಾರಿ. ಹಾಳೆಯಲ್ಲಿ ಉಯಿಲು ಜಾರಿಮಾಡುವವರ ಹೆಸರಿಲ್ಲದ್ದರಿಂದ, ಉಯಿಲು ಲಗತ್ತಿಸಿದ ಆಡಳಿತಪತ್ರಕ್ಕೆ ಅರ್ಜಿ ಹಾಕಬೇಕಾಗುತ್ತದೆ. ವಕೀಲರ ಫೀಸಿನ ಚಿಂತೆಯಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗು. ಹೆಂಗಸರಿಗೆ ಅಲ್ಲಿ ಉಚಿತ ನೆರವಿಗೆ ಆದಾಯದ ಮಿತಿಯೇ ಇಲ್ಲ. ನಿಮ್ಮ ಕಡೆಯವರಿಗೆ ಇಂಥ ಅಲೆದಾಟ ಹೊಸದೂ ಅಲ್ಲ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟ ಪರಿಹಾರಕ್ಕೆ ವಂಶವೃಕ್ಷ ಕಂಕುಳಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಾಡಿದ ಮುದುಕರು ನಿಮ್ಮ ಅಕ್ಕಪಕ್ಕದಲ್ಲೇ ಸಿಗುತ್ತಾರೆ, ಯಾವ ಕಾಗದದ ಎಷ್ಟು ಪ್ರತಿ ಬೇಕು ಎನ್ನುವುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಸೊಸೈಟಿ ಸಾಲ. ಪಿ.ಎಫ್. ಕಾಯ್ದೆಯ 10ನೇ ಕಲಂ ಪ್ರಕಾರ, ನಾಮಿನಿಗೆ ಸಲ್ಲುವ ಪಿ.ಎಫ್. ಹಣ ತೀರಿಕೊಂಡವರ ಸಾಲಕ್ಕೆ ಹೊಣೆಯಲ್ಲ, ನಾಮಿನಿಯ ಹಳೆ ಸಾಲಕ್ಕೂ ಅಲ್ಲ, ಕೋರ್ಟೂ ಅದನ್ನು ಜಪ್ತಿ ಮಾಡುವಂತಿಲ್ಲ. ಅದನ್ನು ಸೆಕ್ರೆಟರಿಯವರಿಗೆ ಮೆತ್ತಗೆ ತಿಳಿಸು. ಸಾಲಕ್ಕೆ ವಿಮೆ ಇತ್ತೇ, ಅತ್ತೆಯ ಷೇರು ಹಣ, ಠೇವಣಿ ಎಷ್ಟಿದೆ ಎಂದು ಮೊದಲು ಲೆಕ್ಕ ಕೇಳು. ಅದೆಲ್ಲ ಕಳೆದು ಉಳಿದದ್ದನ್ನು ಗ್ರ್ಯಾಚುಯಿಟಿಯೋ ಬ್ಯಾಂಕಿನ ಹಣವೋ ಬಂದಮೇಲೆ ಕಟ್ಟಿಬಿಡು. ಕಾನೂನು ಬಲವಂತ ಮಾಡುತ್ತದೆಂದಲ್ಲ. ಆ ಮಾಡಿನ ಕೆಳಗೆ ಮಲಗುವವಳು ನೀನು, ಜಾಮೀನು ಹಾಕಿದವರು ಊರವರೇ ಯಾರೋ ಇರುತ್ತಾರೆ.

ತಪ್ಪು ಮಾಡುತ್ತಿದ್ದೇನೆಯೇ ಎಂದು ಕೇಳಿದೆ. ಆಕೆಯ ಹಣಕ್ಕೆ ಅರ್ಜಿ ಹಾಕುವುದರಲ್ಲಿ ತಪ್ಪು ಎಲ್ಲಿದೆ? ಬುದ್ಧಿಪೂರ್ವಕವಾಗಿ ಎರಡು ಬಾರಿ, ಒಮ್ಮೆ ಕಾಗದದ ಮೇಲೆ, ಒಮ್ಮೆ ಮೊಬೈಲಿನಲ್ಲಿ, ಆಕೆ ನಿನ್ನ ಹೆಸರನ್ನೇ ಬರೆದಿದ್ದಾಳೆ. ಚಿಕ್ಕಪ್ಪನಿಗೂ ಸಣ್ಣತ್ತೆಗೂ ಏನಾದರೂ ಕೊಡಬೇಕೆನಿಸಿದರೆ, ಹಣ ನಿನ್ನ ಖಾತೆಗೆ ಬಂದು, ಸಾಲ ತೀರಿ, ಒಂದು ವರ್ಷ ಕಳೆದಮೇಲೆ ನಿನ್ನ ಕೈಯಾರೆ ಕೊಡು. ಛಾಪಾಕಾಗದಕ್ಕೆ ಸಹಿ ಹಾಕಿ ಕೊಟ್ಟರೆ ಅದು ಕೊಟ್ಟದ್ದಾಗುವುದಿಲ್ಲ, ಕಿತ್ತುಕೊಂಡದ್ದಾಗುತ್ತದೆ. ಆ ಕಾಗದಕ್ಕೆ ಸಹಿ ಬೇಡ. “ವಕೀಲರನ್ನು ಕೇಳಿ ಹೇಳುತ್ತೇನೆ” ಎನ್ನು, ಅಷ್ಟೇ.

ಒಂದು ವಿಷಯ ಬೇರೆ ಇಡು: ಆ ಮನೆ, ಹಿತ್ತಿಲಲ್ಲಿ ಅತ್ತೆಗೆ ಅಜ್ಜನಿಂದ ಪಾಲು ಬಂದಿದ್ದರೆ ಅದು. ಮಕ್ಕಳಿಲ್ಲದ ಹೆಂಗಸಿಗೆ ತಂದೆತಾಯಿಯಿಂದ ಬಂದ ಆಸ್ತಿ ಗಂಡನ ಕಡೆಗೆ ಹೋಗದು, ತಂದೆಯ ವಾರಸುದಾರರಿಗೆ ಮರಳುತ್ತದೆ. ಹಾಳೆಯಲ್ಲಿ ಹಣ, ಬಂಗಾರ ಎಂದಿದೆ, ಜಾಗದ ಮಾತಿಲ್ಲ. ಹಾಗಾಗಿ ಅದರಲ್ಲಿ ಚಿಕ್ಕಪ್ಪನಿಗೆ, ಸಣ್ಣತ್ತೆಗೆ, ನಿನ್ನ ಅಪ್ಪನ ಜಾಗದಲ್ಲಿ ನಿನ್ನ ಕಡೆಗೆ ಹಕ್ಕಿದೆ. ಮೂರು ಪಾಲು ಎನ್ನುವ ಚಿಕ್ಕಪ್ಪನ ಲೆಕ್ಕ ಅಲ್ಲಿ ಸರಿ. ಅದನ್ನು ನೀನೇ ಮೊದಲು ಬಾಯಿಬಿಟ್ಟು ಹೇಳು, ಅವರ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಇನ್ನರ್ಧಕ್ಕೆ, ಒಂದು ಸಂಜೆ ಚಾ ಮಾಡಿ ಕರೆದು ನಾರಾಯಣಿದೇವಿಯ ಕತೆಯನ್ನು ಪೂರ್ತಿ ಹೇಳು. ಆ ಚೀಟಿ ಸುಳ್ಳು ಎಂದಾದರೆ ಹಣ ಮೂರು ಪಾಲಾಗುವುದಿಲ್ಲ, ಇಡೀ ಗಂಟು ಕುಮಟೆಯ ಬಸ್ಸು ಹತ್ತುತ್ತದೆ ಎಂದು ಬಿಡಿಸಿ ಹೇಳು. ಒಲೆಗೆ ಹಾಕು ಎಂದವರು ಆ ಹೊತ್ತಿಗೇ “ಎಲ್ಲಿಟ್ಟಿದ್ದೆಯೇ ಅದನ್ನ? ಇತ್ತ ಕೊಡು, ನನ್ ಕಪಾಟ್ನಾಗೆ ಭದ್ರ ಇರ್ತದೆ” ಎಂದು ಕೈ ಚಾಚುತ್ತಾರೆ. ಜೆರಾಕ್ಸ್ ಕೊಡು.